ರಾಜಿಖುಷಿಯ ಕೆಳಗಿನ ಗೆರೆ

ಆ ಮಷಿನ್ ಹಸಿರು ಬಣ್ಣದ್ದಾಗಿತ್ತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಹಳಿಯಾಳಕ್ಕೆ ಮದುವೆಯಾಗಿ ಹೋಗಿರುವ ನನ್ನ ತಂಗಿ ಅದನ್ನು ಎಂದೂ ಒಪ್ಪಲಿಲ್ಲ. “ನೀಲಿ ಇತ್ತೋ ಅಣ್ಣಾ. ನೀ ಧಾರವಾಡದಿಂದ ಬರೂವಾಗ ಕಣ್ಣು ಅಲ್ಲೇ ಹಾಸ್ಟೆಲಿನಾಗ ಬಿಟ್ಟು ಬರ್ತಿದ್ದಿ,” ಎನ್ನುತ್ತಾಳೆ. ಬಣ್ಣ ಯಾವುದಾದರೂ ಆಗಲಿ, ತೊಂಬತ್ತರ ದಶಕದ ಕೊನೆಯ ಒಂದು ರಂಜಾನಿನಲ್ಲಿ ಹತ್ತಿ ಹಿಂಜುವ ಮಷಿನ್ ಒಂದು ದಾಂಡೇಲಿಯ ನಮ್ಮ ಓಣಿಗೆ ಬಂದದ್ದು ನಿಜ. ಅದು ಯಾರದು ಎಂಬ ಪ್ರಶ್ನೆ ಅದರ ಜೊತೆಗೇ ಟೆಂಪೋದಿಂದ ಇಳಿದದ್ದೂ ನಿಜ. ಉಳಿದದ್ದರಲ್ಲಿ ಎಷ್ಟು ನಾನು ಕಂಡದ್ದು, ಎಷ್ಟು ಆಮೇಲೆ ಸೇರಿಸಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ನಾನು ಹೇಳುವ ಕತೆಗಳಲ್ಲಿ ನಾನು ಯಾವಾಗಲೂ ಸ್ವಲ್ಪ ಹೆಚ್ಚು ಜಾಣನಾಗಿರುತ್ತೇನೆ. ಅದಕ್ಕೇ ಈ ಸಲ ತಂಗಿಯ ಮಾತನ್ನೂ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ನಮ್ಮದು ಹತ್ತಿ ಹಿಂಜುವವರ ಮನೆತನ. ಮನೆಯಲ್ಲಿ ಆಡುವ ಮಾತು ಕನ್ನಡ, ನಮಾಜಿಗೆ ಅರಬ್ಬಿ, ಸಿಟ್ಟು ಬಂದಾಗ ಮಾತ್ರ ಉರ್ದು. ಅಜ್ಜ ಹೆಗಲಿಗೆ ಕಮಾನು ಏರಿಸಿಕೊಂಡು ಹಳಿಯಾಳ, ಮುಂಡಗೋಡದ ಹಳ್ಳಿಗಳನ್ನು ಸುತ್ತುತ್ತಿದ್ದವರು. ಆಳೆತ್ತರದ ಆ ಬಿಲ್ಲಿನ ಹುರಿಯನ್ನು ಕಟ್ಟಿಗೆಯ ಗುಂಡಿನಿಂದ ಮೀಟಿದರೆ ಗಂಟುಗಟ್ಟಿದ ಹಳೆಯ ಹತ್ತಿ ಬಿಡಿಸಿಕೊಂಡು ಹಗುರಾಗಿ ಮೇಲೇಳುತ್ತದೆ. ಅದನ್ನು ತುಂಬಿ ಗಾದಿ ಹೊಲಿಯುತ್ತಾರೆ. ಅಪ್ಪ ಕಮಾನನ್ನು ಗೋಡೆಗೆ ತೂಗುಹಾಕಿ ಕಾಗದದ ಮಿಲ್ಲಿಗೆ ಸೇರಿದರು. ಜೋಯಿಡಾ ಕಾಡಿನಿಂದ ಬಿದಿರು ಹೊತ್ತು ಬರುವ ಲಾರಿಗಳ ಚೀಟಿಯನ್ನು ಸರಕಿನ ಜೊತೆ ತಾಳೆ ನೋಡುವುದು ಅವರ ಕೆಲಸ. ಕಿವಿಯ ಮೇಲೆ ಸದಾ ಒಂದು ನೀಲಿ ಪೆನ್ಸಿಲ್ ಇರುತ್ತಿತ್ತು. ಮನೆಗೆ ಬಂದ ಮೇಲೂ ಅದು ಸುಮ್ಮನಿರುತ್ತಿರಲಿಲ್ಲ. ಲೈಟ್ ಬಿಲ್ಲು, ಲಗ್ನಪತ್ರಿಕೆ, ನಾನು ಹಾಸ್ಟೆಲಿನಿಂದ ಬರೆದ ಪತ್ರ, ಎಲ್ಲದರಲ್ಲೂ ಒಂದೆರಡು ಕಡೆ ಗೆರೆ ಎಳೆದಿರುತ್ತಿದ್ದರು. ಅದು ಅವರ ಚಟ ಎಂದು ನಾವು ಬಿಟ್ಟುಬಿಟ್ಟಿದ್ದೆವು.

ಓಣಿಯ ಮಸೀದಿಯ ಜಮಾತಿಗೆ ಅಪ್ಪ ಸೆಕ್ರೆಟರಿ. ರಂಜಾನ್ ಬಂತೆಂದರೆ ಜಕಾತ್ ಹಂಚುವ ಕೆಲಸ ಅವರ ಕೊರಳಿಗೆ ಬೀಳುತ್ತಿತ್ತು. ಉಳ್ಳವರು ವರ್ಷಕ್ಕೊಮ್ಮೆ ತಮ್ಮ ಉಳಿತಾಯದಲ್ಲಿ ಇಂತಿಷ್ಟು ಪಾಲನ್ನು ಬಡವರಿಗೆ ಕೊಡಲೇಬೇಕು, ಅದೇ ಜಕಾತ್. ಆಗಿನ ರಂಜಾನ್ ಚಳಿಗಾಲದಲ್ಲಿ ಬೀಳುತ್ತಿತ್ತು. ಬೆಳಗಿನ ಮಂಜಿನಲ್ಲಿ ಮಸೀದಿಯ ಗೋಡೆಗುಂಟ ಹೆಂಗಸರು ಸಾಲಾಗಿ ಕೂಡುತ್ತಿದ್ದರು. ಅಪ್ಪ ಒಬ್ಬೊಬ್ಬರ ಕೈಗೂ ಒಂದೊಂದು ನೋಟು ಇಡುತ್ತಿದ್ದರು. ಮರುವರ್ಷ ಅದೇ ಗೋಡೆ, ಅದೇ ಸಾಲು.

“ಇಷ್ಟು ವರ್ಷ ಹಂಚೇನಿ, ಸಾಲಿನಾಗ ಒಬ್ಬರೂ ಕಮ್ಮಿ ಆಗಲಿಲ್ಲ,” ಎಂದು ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುತ್ತ ಗೊಣಗುತ್ತಿದ್ದರು.

ಹಾಗಾಗಿಯೇ ಆ ವರ್ಷ ಕಮಿಟಿ ಹೊಸ ವಿಚಾರ ಮಾಡಿತು. ನೂರು ಕೈಗೆ ನೋಟು ಹಂಚುವ ಬದಲು ಒಂದು ಮನೆಗೆ ದುಡಿದು ತಿನ್ನುವ ಸಾಧನವನ್ನೇ ಕೊಡುವುದು. ಮೊದಲ ಮನೆ ಯಾವುದು ಎಂಬುದಕ್ಕೆ ಚರ್ಚೆ ಬೇಕಾಗಲಿಲ್ಲ. ನಮ್ಮ ಮನೆಯಿಂದ ನಾಲ್ಕನೆಯದು, ಗಾದಿ ಅಕ್ಕನ ಮನೆ.

ಓಣಿಯವರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದರು. ಗಂಡ ನಮ್ಮ ಅಜ್ಜನ ಹಾಗೆ ಕಮಾನು ಹೊತ್ತು ತಿರುಗುತ್ತಿದ್ದವನು. ಹತ್ತಿಯ ಧೂಳು ಎದೆಗೆ ಸೇರಿ, ಕೆಮ್ಮಿ ಕೆಮ್ಮಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳು. ಗಾದಿ ಹೊಲಿಯುವುದರಲ್ಲಿ ಆಕೆಯ ಕೈಗೆ ಸರಿಸಾಟಿ ಇರಲಿಲ್ಲ. ಆದರೆ ಕಮಾನು ಹಿಡಿಯುವುದು ಗಂಡಸರ ಕೆಲಸ, ಹೆಂಗಸರು ಅದರ ಹುರಿ ಮುಟ್ಟಬಾರದು ಎಂಬ ಕಟ್ಟಳೆ ನಮ್ಮಲ್ಲಿತ್ತು. ಹತ್ತಿ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಹಳಿಯಾಳಕ್ಕೆ ಹೋಗಿ, ಅಲ್ಲಿ ಮಷಿನ್ ಇದ್ದವರ ಹತ್ತಿರ ಹಿಂಜಿಸಿಕೊಂಡು ತರುತ್ತಿದ್ದಳು. ಹೋಗುವಾಗ ಹಿಡಿಯಷ್ಟಿದ್ದದ್ದು ಬರುವಾಗ ಗುಡ್ಡದಷ್ಟಾಗಿರುತ್ತಿತ್ತು. ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿಯುತ್ತಿದ್ದ. “ಅಕ್ಕಾರ, ಇದಕ್ಕ ಟಿಕೆಟ್ ತಗಸೂದಾ, ಇಲ್ಲಾ ಇದಕ್ಕ ಒಂದು ಬಸ್ ಬ್ಯಾರೆ ಬಿಡೂದಾ?”

ಹಳಿಯಾಳದ ಆ ಮಷಿನಿನ ಮಾಲಕ ಅದನ್ನು ಮಾರಲು ಕೂತಿದ್ದ. ಮಷಿನಿಗೆ ಕಟ್ಟಳೆಯ ಹುರಿ ಇರಲಿಲ್ಲ. ಬಟನ್ ಒತ್ತಿದರೆ ಗಂಡಸೋ ಹೆಂಗಸೋ ಎಂದು ಅದು ಕೇಳುತ್ತಿರಲಿಲ್ಲ. ಅದನ್ನೇ ತಂದುಕೊಡುವುದು ಎಂದಾಯಿತು.

ಆದರೆ ಅಪ್ಪನಿಗೆ ಒಂದು ಹೆದರಿಕೆ. ಹಿಂದೊಮ್ಮೆ ಜಮಾತಿನಿಂದ ಒಬ್ಬನಿಗೆ ತಳ್ಳುಗಾಡಿ ಕೊಟ್ಟಿದ್ದರು. ಹದಿನೈದು ದಿನದಲ್ಲಿ ಅವನು ಅದನ್ನು ಮಾರಿ ಗೋವಾಕ್ಕೆ ಹೋಗಿಬಿಟ್ಟ. ಈಗ ಗಾದಿ ಅಕ್ಕನಿಗೂ ಹಿರಿಯ ಮಗಳು ಲಗ್ನಕ್ಕೆ ಬಂದಿದ್ದಾಳೆ; ಮಷಿನ್ ಕೊಟ್ಟರೆ ಆಕೆ ಅದನ್ನು ಮಾರಿ ಲಗ್ನ ಮಾಡುವುದಿಲ್ಲ ಎಂಬುದಕ್ಕೆ ಏನು ಗ್ಯಾರಂಟಿ?

ನಾನು ಆಗ ಧಾರವಾಡದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದೆ. ದೇವರ ವಿಷಯದಲ್ಲಿ ಅನುಮಾನ, ಊರಿನ ವಿಷಯದಲ್ಲಿ ಬೇಸರ, ನನ್ನ ವಿಷಯದಲ್ಲಿ ಮಾತ್ರ ಪೂರ್ತಿ ಭರವಸೆ ಇದ್ದ ವಯಸ್ಸು. ಊಟದ ಚಾಪೆಯ ಮೇಲೆ ಕೂತು ದಾರಿ ತೋರಿಸಿದೆ. “ಮಷಿನ್ ಜಮಾತಿನದೇ ಇರ್ಲಿ ಅಪ್ಪಾ. ಆಕಿ ಬರೇ ಉಪಯೋಗ ಮಾಡ್ಲಿ. ಬಡವರಿಗೆ ಬೇಕಾದದ್ದು ಮಾಲಕತನ ಅಲ್ಲ, ಉಪಯೋಗ.”

ಅಪ್ಪ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಅಥವಾ ನೋಡಿದರೆಂದು ನಾನು ಅಂದುಕೊಂಡೆ. “ನಮ್ಮ ಸಾಹೇಬ್ರು ಕಲತದ್ದು ದಂಡ ಆಗಿಲ್ಲ,” ಎಂದರು. ಇದನ್ನು ತಂಗಿಯೂ ಒಪ್ಪುತ್ತಾಳೆ.

ಇದಕ್ಕೆ ಅಡ್ಡ ಬಂದವರು ಮಸೀದಿಯ ಹಜರತ್. ಮುಂಡಗೋಡ ಕಡೆಯ ಹಳ್ಳಿಯೊಂದರಿಂದ ಬಂದು ಬಹಳ ವರ್ಷದಿಂದ ನಮ್ಮಲ್ಲಿ ನಮಾಜು ಮಾಡಿಸುತ್ತಿದ್ದ, ಮಕ್ಕಳಿಗೆ ಓದು ಹೇಳುತ್ತಿದ್ದ ಮುದುಕ. ಮಸೀದಿಯ ಜಗುಲಿಯಲ್ಲಿ ಕಮಿಟಿ ಕೂತಿತ್ತು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅಪ್ಪ ವಿಷಯ ಹೇಳಿದರು. ಹಜರತ್ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು.

“ಹಂಗಾದ್ರ ಜಕಾತ್ ಮುಟ್ಟಂಗಿಲ್ರೀ.”

“ಯಾಕ್ರೀ ಹಜರತ್? ಮಷಿನ್ ಆಕಿ ಮನ್ಯಾಗ ಇರತೈತಿ. ಆಕೀನ ದುಡೀತಾಳ, ಆಕೀನ ತಿಂತಾಳ.”

“ಎಲ್ಲಾ ಖರೆ. ಆದ್ರ ಮಾಲಕ ಯಾರು? ಜಕಾತ್ ಅಂದ್ರ ತಗೊಳ್ಳೂ ಬಡವನ್ನ ಮಾಲಕನ್ನ ಮಾಡಬೇಕು. ಮಾಲಕ ಮಾಡಲಿಲ್ಲಂದ್ರ ಕೊಟ್ಟವರ ಕೊರಳಾಗಿನ ಹೊರಿ ಕೊರಳಾಗ ಉಳೀತೈತಿ. ಅದಕ್ಕ ಅಲ್ಲೇನು ಈ ಮಸೀದಿ ಮಾಳಗಿ ಸೋರಾಕತ್ತಿದ್ರೂ ಜಕಾತಿನ ರೊಕ್ಕ ಮುಟ್ಟಿಲ್ಲ ನಾವು? ಮಾಳಗಿಗೆ ಯಾವ ಬಡವ ಮಾಲಕ?”

ನಾನು ಬಾಯಿ ಹಾಕಿದೆ. ಕಾಲ ಬದಲಾಗಿದೆ, ಕಾನೂನೂ ಬದಲಾಗಬೇಕು ಎಂಬ ಅರ್ಥದ ಏನನ್ನೋ ಹೇಳಿದೆ. ಹಜರತ್ ನನ್ನ ಕಡೆ ತಿರುಗಲಿಲ್ಲ, ಅಪ್ಪನನ್ನೇ ಕೇಳಿದರು.

“ಮಿಲ್ಲಿನಾಗ ನಿಮಗ ಪಗಾರ ಕೊಡ್ತಾರ. ಸಂತ್ಯಾಗ ಏನ್ ತಗೊಂಡ್ರಿ, ಎಷ್ಟು ಖರ್ಚ ಮಾಡಿದ್ರಿ ಅಂತ ಮಿಲ್ಲಿನವ್ರು ಕೇಳ್ತಾರೇನು?”

“ಅದು ನಾ ದುಡದದ್ದು ಹಜರತ್. ನನ್ನ ಹಕ್ಕು.”

“ಇದೂ ಆಕಿ ಹಕ್ಕು. ನಿಮ್ಮ ರೊಕ್ಕದಾಗ ಇದ್ದದ್ದು ಅಷ್ಟ. ನೀವು ಆಕಿಗೆ ಕೊಡಾಕತ್ತಿಲ್ಲ, ವಾಪಸ್ ಮಾಡಾಕತ್ತೀರಿ.”

ಹಕ್ಕು ಎಂಬುದು ಕನ್ನಡದ ಮಾತೋ ಅರಬ್ಬಿಯದೋ ಎಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಆ ಜಗುಲಿಯಲ್ಲಿ ಅದು ಎರಡೂ ಆಗಿತ್ತು. ಆದರೆ ಅಂದು ನನಗೆ ಅದು ಹೊಳೆದಿರಲಿಲ್ಲ. ಇದು ಕಾನೂನಿನ ಹಟ, ಬಡವರ ಒಳ್ಳೆಯದಕ್ಕೆ ಅಡ್ಡಬಂದ ಹಳೆಯ ಕಾಲ ಎಂದೇ ನನಗೆ ಅನ್ನಿಸಿದ್ದು. ಮಾತಿನ ಮಧ್ಯೆ ಅಪ್ಪ “ಆಕಿ ಮಾರಿದ್ರ?” ಎಂದು ಕೇಳಿದ್ದೂ, ಹಜರತ್ ಒಂದೇ ಮಾತಿನಲ್ಲಿ “ಮಾರ್ಲಿ” ಎಂದದ್ದೂ ನೆನಪಿದೆ. ಆ ‘ಮಾರ್ಲಿ’ ನನಗೆ ಬೇಜವಾಬ್ದಾರಿಯಂತೆ ಕೇಳಿತ್ತು.

ಕೊನೆಗೆ ಅಪ್ಪನೇ ಒಂದು ಉಪಾಯ ತಂದರು. ಬೇರೆ ಊರುಗಳಲ್ಲಿ ಹೀಗೆ ಮಾಡುವುದನ್ನು ಅವರು ಕೇಳಿದ್ದರು. ಮೊದಲು ಜಕಾತನ್ನು ಒಬ್ಬ ಬಡವನಿಗೆ ಪೂರ್ತಿಯಾಗಿ ಕೊಡುವುದು, ಅವನನ್ನು ಮಾಲಕನನ್ನಾಗಿ ಮಾಡುವುದು. ಆಮೇಲೆ ಅವನು ತಾನಾಗಿಯೇ ಅದನ್ನು ಮದರಸಾಕ್ಕೋ ಜಮಾತಿಗೋ ದಾನ ಕೊಡುವುದು. ಕಾನೂನೂ ಉಳಿಯಿತು, ಕೆಲಸವೂ ಆಯಿತು. ಗಾದಿ ಅಕ್ಕನಿಗೆ ಮಷಿನ್ ಕೊಡೋಣ. ಆಕೆ ‘ಒಪ್ಪಿಕೊಂಡೆ’ ಅನ್ನಲಿ. ಅಲ್ಲೇ ನಿಂತು ಜಮಾತಿಗೆ ವಾಪಸ್ ಬರೆದುಕೊಡಲಿ. ಜಮಾತು ಅದನ್ನು ಆಕೆಗೇ ಉಪಯೋಗಕ್ಕೆ ಬಿಡಲಿ.

ಹಜರತ್ ಗಡ್ಡ ಕೆರೆದುಕೊಂಡರು. “ಖರೇನ ಕೊಟ್ರ, ಆಕಿ ಖರೇನ ವಾಪಸ್ ಕೊಟ್ರ, ನಾ ಏನ್ ಅನ್ಲಿ? ಆದ್ರ ಒಂದು. ಕಾಗದ ಆಕಿ ಕೈಯಾಗ ಕೊಡ್ರಿ. ಆಕೀನ ಪೂರಾ ಓದ್ಲಿ. ಓದಿದ ಮ್ಯಾಲೆ ಸಹಿ.”

“ಅದಕ್ಕೇನ್ರೀ, ಓದ್ಲಿ,” ಎಂದರು ಅಪ್ಪ. ಆಕೆ ಬೇಡ ಅನ್ನಬಹುದು ಎಂಬುದು ಅಲ್ಲಿ ಕೂತ ಐದು ಜನ ಕಮಿಟಿಯವರಿಗೂ, ಕಂಬಕ್ಕೆ ಒರಗಿದ ನನಗೂ ಹೊಳೆಯಲೇ ಇಲ್ಲ. ಕೊಡುವವರ ಜಗುಲಿಯ ಮೇಲೆ ಕೂತಾಗ ಅದು ಹೊಳೆಯುವುದೂ ಕಷ್ಟ.

ಕಾಗದ ಬರೆಯುವ ಕೆಲಸ ನನ್ನದಾಯಿತು. ನನಗೆ ಸೆಮಿನಾರಿನ ಕನ್ನಡ ಬರುತ್ತಿತ್ತು, ಕರಾರಿನ ಕನ್ನಡ ಬರುತ್ತಿರಲಿಲ್ಲ. ಅಜ್ಜನ ಕಾಲದ ಜಾಗದ ಪತ್ರವೊಂದು ಅಪ್ಪನ ಟ್ರಂಕಿನಲ್ಲಿತ್ತು. ಹಳಿಯಾಳದ ಯಾವನೋ ಪತ್ರ ಬರೆಯುವವನ ಕೈಬರಹ. ಅದನ್ನೇ ಮುಂದಿಟ್ಟುಕೊಂಡು, ಜಾಗ ಇದ್ದಲ್ಲಿ ಮಷಿನ್ ಹಾಕಿ ಬರೆದೆ: ‘ಸದರಿ ಮಷಿನ್ ನನಗೆ ಜಕಾತಿನ ಬಾಬತ್ತು ಮುಟ್ಟಿದ್ದು, ಅದನ್ನು ನಾನು ನನ್ನ ರಾಜಿಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ, ಜಮಾತಿಗೆ ಬಿಟ್ಟುಕೊಟ್ಟಿರುತ್ತೇನೆ.’ ಅಪ್ಪ ಆಕೆಯ ಮನೆಗೆ ಹೋಗಿ ಏನೇನು ಹೇಳಬೇಕು, ಎಲ್ಲಿ ಸಹಿ ಮಾಡಬೇಕು ಎಂದು ಹೇಳಿಕೊಟ್ಟು ಬಂದರು. ಎಲ್ಲದಕ್ಕೂ ಹೂಂ ಎಂದಳಂತೆ.

ಟೆಂಪೋ ಮಧ್ಯಾಹ್ನ ಬಂತು. ಆಕೆಯ ಅಂಗಳದಲ್ಲಿ ಆರು ಜನ ಸೇರಿ ಮಷಿನ್ ಇಳಿಸಿದರು. ಅದರ ಮೈಗೆ ಎಣ್ಣೆಯ ಜಿಡ್ಡು, ಜಿಡ್ಡಿಗೆ ಹಳೆಯ ಹತ್ತಿಯ ನೂಲು ಅಂಟಿಕೊಂಡಿತ್ತು. ಓಣಿಯ ಅರ್ಧ ಜನ ಬಂದು ನಿಂತಿದ್ದರು. ಹಜರತ್ ಒಂದು ಕುರ್ಚಿಯ ಮೇಲೆ, ಗಾದಿ ಅಕ್ಕ ಬಾಗಿಲ ಹತ್ತಿರ, ಹಿಂದೆ ಇಬ್ಬರು ಹೆಣ್ಣುಮಕ್ಕಳು. ಆಕೆಯ ಪಕ್ಕದಲ್ಲಿ ನನ್ನ ತಂಗಿ ಇದ್ದಳು. ನಾನು ಎಲ್ಲಿದ್ದೆನೋ ನೆನಪಿಲ್ಲ. ನೆನಪಿನಲ್ಲಿ ನಾನು ಎಲ್ಲರ ನಡುವೆ ನಿಂತಿರುತ್ತೇನೆ, ಅದು ಸುಳ್ಳಿರಬೇಕು.

ಅಪ್ಪ ಗಂಟಲು ಸರಿಮಾಡಿಕೊಂಡರು. “ತಂಗೀ, ಈ ಮಷಿನ್ ನಿನಗ ಜಕಾತ್ ಅಂತ ಕೊಟ್ಟೇವಿ. ಒಪ್ಪಿಕೊಂಡ್ಯಾ?”

“ಒಪ್ಪಿಕೊಂಡೆ, ಅಣ್ಣಾರ.”

“ಅದರ ಮ್ಯಾಲೆ ಕೈ ಇಡವಾ,” ಎಂದರು ಹಜರತ್. ಆಕೆ ಮುಂದೆ ಬಂದು ಮಷಿನಿನ ಮೇಲೆ ಅಂಗೈ ಇಟ್ಟಳು. ಆ ಕೈಯನ್ನು ಆಮೇಲೆ ತೆಗೆಯಲೇ ಇಲ್ಲ.

ಅಪ್ಪ ಜೇಬಿನಿಂದ ಕಾಗದ ತೆಗೆದು ಆಕೆಯ ಇನ್ನೊಂದು ಕೈಗೆ ಕೊಟ್ಟರು. ಆಕೆ ಹೆಬ್ಬೆಟ್ಟು ಒತ್ತುವವಳು ಎಂದು ನನ್ನ ನೆನಪು ಬಹಳ ವರ್ಷ ಹೇಳುತ್ತಿತ್ತು. ತಂಗಿ ಅದನ್ನು ಕೇಳಿ ಸಿಟ್ಟಾದಳು: “ಹೆಬ್ಬೆಟ್ಟೇನು? ನಾಕನೇ ಇಯತ್ತೆ ಮಟಾ ಕನ್ನಡ ಸಾಲಿ ಕಲತಾಕಿ. ನಿನಗ ಬಡವ್ರು ಅಂದ್ರ ಎಲ್ಲಾರೂ ಹೆಬ್ಬೆಟ್ಟು.” ಸರಿ, ಆಕೆ ಓದಿದಳು. ಅಕ್ಷರ ಜೋಡಿಸಿ ಜೋಡಿಸಿ, ತುಟಿ ಅಲ್ಲಾಡಿಸುತ್ತ. ಜನ ಕಾಲು ಬದಲಿಸಿ ನಿಂತರು. ಒಂದು ಕಡೆ ಆಕೆ ನಿಂತುಬಿಟ್ಟಳು. ಹಿಂದಕ್ಕೆ ಹೋಗಿ ಮತ್ತೆ ಓದಿದಳು.

“ಅಣ್ಣಾರ, ಇಲ್ಲಿ ರಾಜಿಖುಷಿ ಅಂತ ಬರದೈತಿ.”

“ಹೂಂ ತಂಗೀ, ಅದು ಹಂಗ ಬರಿಯೂ ಪದ್ಧತಿ.”

“ನಾ ರಾಜೀನೂ ಇಲ್ಲ, ಖುಷೀನೂ ಇಲ್ಲ. ಸುಳ್ಳು ಬರದದ್ದಕ್ಕ ಸಹಿ ಹೆಂಗ ಹಾಕ್ಲಿ? ರೋಜಾ ಐತಿ ನನಗ.”

ಉಪವಾಸವಿದ್ದಾಗ ಸುಳ್ಳಿಗೆ ಸಹಿ ಹಾಕುವುದಿಲ್ಲ ಎಂಬ ಮಾತಿಗೆ ಉತ್ತರ ಕೊಡುವುದು ಜಮಾತಿನ ಸೆಕ್ರೆಟರಿಗೆ ಸುಲಭವಿರಲಿಲ್ಲ. ಅಪ್ಪ ತೊದಲಿದರು. “ಅಲ್ಲಾ... ನಿನ್ನೆ ಎಲ್ಲಾದಕ್ಕೂ ಹೂಂ ಅಂದಿದ್ದಿ?”

“ನಿನ್ನೆ ಮಷಿನ್ ನಂದಿರಲಿಲ್ಲ ಅಣ್ಣಾರ. ನಿನ್ನೆ ನೀವು ಏನಂದ್ರೂ ಹೂಂ. ಈಗ ನಂದಾತು. ನಂದು ಅಂದಮ್ಯಾಲೆ ವಿಚಾರ ಮಾಡಬೇಕಾಗತೈತಿ.”

ಹಿಂದಿನಿಂದ ಯಾರೋ ಅಂದರು, “ಮಾಲಕಿ ಆಗಿ ಎರಡು ಮಿನಿಟ ಆಗಿಲ್ಲ, ಆಗ್ಲೇ ಸಾವಕಾರ್ರ ಗತೆ ಮಾತಾಡಾಕತ್ತಾಳ ನೋಡ್ರಿ!” ಜನ ನಕ್ಕರು. ಆಕೆ ನಗಲಿಲ್ಲ. ಕೈ ಮಷಿನಿನ ಮೇಲೇ ಇತ್ತು. ಒಂದು ವೇಳೆ ಕಮಿಟಿಯವರು ಸಿಟ್ಟಾಗಿ ಮಷಿನನ್ನು ಮತ್ತೆ ಟೆಂಪೋಗೆ ಏರಿಸಿದ್ದರೆ ಆಕೆಗೆ ಬಸ್ಸು, ಗಂಟು, ಕಂಡಕ್ಟರನೇ ಗತಿಯಾಗುತ್ತಿತ್ತು. ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಎಲ್ಲರೂ ಹಜರತ್ ಕಡೆ ನೋಡಿದರು. ಅವರು ಕುರ್ಚಿಯಿಂದ ಎದ್ದು ಟೊಪ್ಪಿಗೆ ಸರಿಮಾಡಿಕೊಂಡರು.

“ಆತಲ್ಲ. ಕೊಟ್ರಿ, ಆಕಿ ತಗೊಂಡ್ಲು. ಜಕಾತ್ ಮುಟ್ಟಿತು. ಮುಂದಿನದು ಆಕಿ ಮರ್ಜಿ. ನಡೀರಿ, ನಮಾಜಿಗೆ ಹೊತ್ತಾತು.”

ಆಗ ನಾನು ಮುಂದೆ ಹೋಗಿ ಆ ಕಾಗದವನ್ನು ಆಕೆಯ ಕೈಯಿಂದ ತೆಗೆದುಕೊಂಡು ಹರಿದುಹಾಕಿದೆ ಎಂಬುದು ನನ್ನ ನೆನಪು. ತಂಗಿಯ ನೆನಪು ಬೇರೆ. “ನೀನಾ? ಹೊಲಿಗಿ ಹಾಕದ ಗಾದಿ ಗತೆ ಬಾಯಿ ತಕ್ಕೊಂಡು ನಿಂತಿದ್ದಿ. ಕಾಗದ ಅಪ್ಪ ಮಡಚಿ ಕಿಸೇದಾಗ ಇಟ್ಕೊಂಡ್ರು.”

ಆ ಸಂಜೆ ರೋಜಾ ಬಿಡುವಾಗ ಅಪ್ಪ ಖರ್ಜೂರದ ಬೀಜವನ್ನು ಬಾಯಿಂದ ತೆಗೆದು ತಟ್ಟೆಯಂಚಿಗೆ ಇಟ್ಟರು. ಆಮೇಲೆ, “ಮಾರ್ತಾಳ ನೋಡು,” ಎಂದಷ್ಟೇ ಅಂದರು.

ಆಕೆ ಮಾರಲಿಲ್ಲ. ಈದ್ ಮುಗಿದ ಮೂರನೆಯ ದಿನ ಮಷಿನ್ ಶುರುವಾಯಿತು. ಆಕೆ ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಅದನ್ನು ನಡೆಸುತ್ತಿದ್ದಳು, ಒಬ್ಬ ಮಗಳು ಹತ್ತಿ ಹಾಕುತ್ತಿದ್ದಳು, ಇನ್ನೊಬ್ಬಳು ಹಿಂಜಿದ್ದನ್ನು ಒಟ್ಟುತ್ತಿದ್ದಳು. ಓಣಿಯಲ್ಲಿ ಒಣಹಾಕಿದ ಬಟ್ಟೆಗಳ ಮೇಲೆಲ್ಲ ಹತ್ತಿಯ ಎಳೆ ಕೂತು ಜಗಳವಾಯಿತು. “ನಮ್ಮ ಮನಿ ಗಂಡಸರು ಅಂಗಿ ತೊಟ್ಟು ಹೊರಬಿದ್ರ ಕುರಿ ಹೊಂಟಂಗ ಕಾಣಸ್ತಾರ,” ಎಂದು ಪಕ್ಕದ ಮನೆಯವಳು ಬೈದಳು. ಆಕೆಗೆ ಗಾದಿ ಅಕ್ಕ ಎರಡು ತಲೆದಿಂಬು ತುಂಬಿಕೊಟ್ಟು ರಾಜಿ ಮಾಡಿಕೊಂಡಳು.

ಉಳವಿಯ ಜಾತ್ರೆಗೆ ಹೋಗುವ ಚಕ್ಕಡಿಗಳು ಹಳಿಯಾಳದ ಕಡೆಯಿಂದ ಬರುವ ಕಾಲವದು. ಘಟ್ಟದ ದಾರಿಯಲ್ಲಿ ಕುಲುಕಾಟ ತಡೆಯಲು ಚಕ್ಕಡಿಯಲ್ಲಿ ಗಾದಿ ಹಾಸುತ್ತಾರೆ; ದಾಂಡೇಲಿ ಮುಟ್ಟುವ ಹೊತ್ತಿಗೆ ಅವು ಚಪಾತಿಯಾಗಿರುತ್ತವೆ. ಒಬ್ಬರು ನಿಲ್ಲಿಸಿ ಹಿಂಜಿಸಿಕೊಂಡರು. ಅವರನ್ನು ನೋಡಿ ಹಿಂದಿನವರು ನಿಲ್ಲಿಸಿದರು. ಹಣೆಗೆ ವಿಭೂತಿ ಹಚ್ಚಿದ ಒಬ್ಬ ಮುದುಕಿ ಗಾದಿ ಅಕ್ಕನ ಕಟ್ಟೆಯ ಮೇಲೆ ಕೂತು, ಗಾದಿ ತಯಾರಾಗುವವರೆಗೆ ನನ್ನ ತಂಗಿ ತಂದುಕೊಟ್ಟ ಚಹ ಕುಡಿಯುತ್ತ, “ಮಷಿನ್ ಯಾರದವಾ?” ಎಂದು ಕೇಳಿದಳಂತೆ. ಒಳಗಿನಿಂದ ಗಾದಿ ಅಕ್ಕನೇ ಮಷಿನಿನ ಸದ್ದಿಗೂ ಮೇಲೆ ಧ್ವನಿ ಏರಿಸಿ, “ನಂದ್ರೀ ಯಮ್ಮಾ, ನಂದು!” ಎಂದಳಂತೆ. ಅದೇ ವರ್ಷದ ಬೇಸಿಗೆಯಲ್ಲಿ ಮುಂಡಗೋಡದ ಚಿಗಳ್ಳಿಯಿಂದ ಒಂದು ಮನೆಯವರು ತಮ್ಮ ಹೊಲದ ಹತ್ತಿಯನ್ನೇ ತಂದು ಮಗಳ ಲಗ್ನದ ಗಾದಿ ಮಾಡಿಸಿಕೊಂಡು ಹೋದರು. ನಮ್ಮ ಅಜ್ಜ ಕಮಾನು ಹೊತ್ತು ಹೋಗುತ್ತಿದ್ದ ಹಳ್ಳಿ ಅದು. ಈಗ ಹಳ್ಳಿಯೇ ಇಲ್ಲಿಗೆ ಬಂದಿತ್ತು.

ಮರುವರ್ಷದ ರಂಜಾನಿನಲ್ಲಿ ಗೋಡೆಗುಂಟ ಸಾಲು ಇತ್ತು. ಆಕೆ ಅದರಲ್ಲಿ ಇರಲಿಲ್ಲ. ಸಾಲಿನಲ್ಲಿ ಒಬ್ಬಳು ಕಮ್ಮಿಯಾದಳು ಎಂದು ಅಪ್ಪ ಯಾರಿಗೂ ಹೇಳಲಿಲ್ಲ. ಆ ವರ್ಷ ಜಮಾತಿನವರು ಇನ್ನೊಬ್ಬರಿಗೆ ಎರಡು ಆಡು ಕೊಟ್ಟರು. ಕಾಗದ ಬರೆಯಲು ನನ್ನನ್ನು ಯಾರೂ ಕರೆಯಲಿಲ್ಲ.

ನಾನು ಧಾರವಾಡಕ್ಕೆ ಹೋಗಿ ಸೆಮಿನಾರಿನಲ್ಲಿ ಈ ಕತೆಯನ್ನು ಹೇಳಿದೆ. ಬದಲಾಗುವ ಸಮಾಜದಲ್ಲಿ ದಾನದ ಕಾನೂನು ಎಂಬಂಥ ಏನೋ ವಿಷಯ. ಬಡವರಿಗೆ ಬೇಕಾದದ್ದು ಉಪಯೋಗವಲ್ಲ, ಮಾಲಕತನ ಎಂದು ವಾದಿಸಿದೆ, ಅದು ಮೊದಲಿಂದಲೂ ನನ್ನದೇ ವಿಚಾರವೆಂಬಂತೆ. ಯಾರೋ ಕೇಳಿದಾಗ, ರಾಜಿಖುಷಿ ಎಂಬ ಪದವನ್ನು ನಾನೇ ಬೇಕೆಂದು ಆ ಕಾಗದದಲ್ಲಿ ಇಟ್ಟಿದ್ದೆ, ಆಕೆಗೆ ಹೊರಬರಲು ಒಂದು ಬಾಗಿಲು ಇರಲಿ ಎಂದು, ಅಂದೆ. ಚಪ್ಪಾಳೆಯ ಮುಂದೆ ಆಡಿದ ಸುಳ್ಳು ಮೆಲ್ಲಗೆ ನಿಜವಾದ ನೆನಪಾಗಿ ಕೂತಿತು. ಎಷ್ಟೋ ವರ್ಷ ನಾನು ಅದನ್ನು ನಂಬಿದ್ದೆ.

ಆಮೇಲೆ ಊರಿಗೆ ಬರುವುದು ಕಮ್ಮಿಯಾಯಿತು. ಓದು ಮುಗಿಸಲಿಲ್ಲ, ಊರೂರು ಬದಲಿಸಿದೆ, ಕೆಲಸ ಬದಲಿಸಿದೆ. ಹಜರತ್ ಮುಂಡಗೋಡದ ತಮ್ಮ ಹಳ್ಳಿಗೆ ಹೋಗಿ ಅಲ್ಲೇ ತೀರಿಕೊಂಡರು. ಎರಡು ಸಾವಿರದ ದಶಕದ ನಡುವೆ ಒಮ್ಮೆ ದಾಂಡೇಲಿಗೆ ಬಂದಾಗ ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಅಂಗಡಿಯೊಂದರಲ್ಲಿ ಗಾದಿ ಅಕ್ಕ ಕೂತಿರುವುದು ಕಂಡಿತು. ಸುತ್ತ ಫೋಮಿನ ಹಾಳೆಗಳು. ಕಿರಿಯ ಮಗಳು ಫೋನಿನಲ್ಲಿ ಜೋಯಿಡಾ ಕಡೆಯ ಯಾವುದೋ ರೆಸಾರ್ಟಿನವರ ಜೊತೆ ಅಳತೆ ಮಾತಾಡುತ್ತಿದ್ದಳು. ನದಿಯಲ್ಲಿ ದೋಣಿ ಆಡಲು ಬರುವ ಜನ ಹೆಚ್ಚಾಗಿ, ಕಾಡಿನಂಚಿಗೆಲ್ಲ ಹಾಸಿಗೆ ಬೇಕಾದ ಕಾಲ ಬಂದಿತ್ತು.

“ಮಷಿನ್ ಎಲ್ಲೈತಿ ಅಕ್ಕಾ?” ಎಂದೆ.

“ಮಾರಿಬಿಟ್ಟೆ ತಮ್ಮಾ.” ಆಕೆ ನಿರಾಳವಾಗಿ ಅಂದಳು. “ಹತ್ತಿ ಗಾದಿ ಯಾರಿಗೆ ಬೇಕೀಗ? ಮಾರಿ ಈ ಅಂಗಡಿಗೆ ಹಾಕಿದೆ. ದೊಡ್ಡಾಕಿ ಲಗ್ನಾನೂ ಅದರ ದುಡಿಮ್ಯಾಗ ಆತು. ನಿಮ್ಮ ಅಪ್ಪಗ ಮೊದಲ ಹೇಳೇ ಮಾರಿದೆ ಮತ್ತ. ‘ಮಾರು ತಂಗೀ, ನಿಂದಲ್ಲ?’ ಅಂದ್ರು.”

ಅಪ್ಪ ಹಾಗೆ ಅಂದದ್ದು ನನಗೆ ಗೊತ್ತೇ ಇರಲಿಲ್ಲ. ಮಾತು ಹಳೆಯ ದಿನದ ಕಡೆ ಹೋಯಿತು. ಆ ಕಾಗದದಲ್ಲಿ ರಾಜಿಖುಷಿ ಅಂತ ನಾನು ಯಾಕೆ ಬರೆದಿದ್ದೆ ಗೊತ್ತೇ ಎಂದು ಶುರುಮಾಡಿದೆ. ಆಕೆ ನಡುವೆಯೇ ತಡೆದಳು.

“ಬರದಾವ ನೀನಾ? ನನಗೇನು ಗೊತ್ತು. ಅವತ್ತ ಎದಿ ಹೊಡ್ಕೊಳ್ಳಾಕತ್ತಿತ್ತು, ಅರ್ಧಾ ಅಕ್ಷರ ಕಾಣಸ್ತಿರಲಿಲ್ಲ. ಸಹಿ ಹಾಕೇ ಬಿಡ್ತಿದ್ದೆ ಖರೆ. ಆದ್ರ ಅದೊಂದು ಮಾತಿನ ಕೆಳಗ ನೀಲಿ ಗೆರಿ ಹೊಡದಿದ್ರು. ಯಾಕ ಹೊಡದಾರ ಅಂತ ಮತ್ತೊಮ್ಮೆ ಓದಿದೆ. ಆವಾಗ ತಿಳೀತು.”

ನನ್ನ ಹತ್ತಿರ ನೀಲಿ ಪೆನ್ಸಿಲ್ ಎಂದೂ ಇರಲಿಲ್ಲ.

ಮನೆಗೆ ನಡೆದುಕೊಂಡೇ ಹೋದೆ. ಅಪ್ಪ ಮಿಲ್ಲಿನಿಂದ ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು. ಮಿಲ್ಲಿನ ನಾಲ್ಕರ ಪಾಳಿಯ ಭೋಂಗಾ ಕೂಗಿದಾಗ ಈಗಲೂ ಎದ್ದು ಕೂಡುತ್ತಿದ್ದರು. ಆ ಕಾಗದ ಇದೆಯೇ ಎಂದು ಕೇಳಿದೆ. ಯಾವುದು, ಯಾಕೆ ಎಂದು ಕೇಳದೆ ಟ್ರಂಕಿನಿಂದ ತೆಗೆದುಕೊಟ್ಟರು. ಮಡಿಕೆಯಲ್ಲಿ ಹರಿಯಲು ಬಂದಿತ್ತು. ಸಹಿಯ ಜಾಗ ಖಾಲಿ. ‘ರಾಜಿಖುಷಿಯಿಂದ’ ಎಂಬುದರ ಕೆಳಗೆ, ಒತ್ತಿ ಎಳೆದ ನೀಲಿ ಗೆರೆ.

“ಇದು ನೀವು ಹೊಡದದ್ದು ಹೌದಲ್ರೀ ಅಪ್ಪಾ?”

ಅವರು ಕನ್ನಡಕ ಏರಿಸಿ ನೋಡಿದರು. “ನೆಪ್ಪಿಲ್ಲಪಾ. ನನ್ನ ಪೆನ್ಸಿಲಿಂದ ಹೌದು.”

“ಯಾಕ ಹೊಡದ್ರಿ?”

“ಮಿಲ್ಲಿನ ಯಾರ್ಡಿನಾಗ ನಾ ಮತ್ತ ಯಾಕ ಹೊಡೀತಿದ್ದೆ? ಚೀಟ್ಯಾಗ ಬರದದ್ದು ಲಾರ್‍ಯಾಗ ಐತೋ ಇಲ್ಲೋ ಅಂತ ಸಂಶೆ ಬಂದ್ರ ಗೆರಿ. ಮುಂದಿನಾವ ಮತ್ತೊಮ್ಮೆ ನೋಡ್ಲಿ ಅಂತ.” ಕಾಗದವನ್ನು ಹಳೆಯ ಮಡಿಕೆಯ ಮೇಲೇ ಹುಷಾರಾಗಿ ಮಡಚಿದರು. “ಅವತ್ತ ಸಂಶೆ ಬಂದಿರಬೇಕು.”

ಆಕೆ ಆ ಮಾತಿನ ಹತ್ತಿರ ನಿಲ್ಲುವಳೆಂದು ಅವರಿಗೆ ಗೊತ್ತಿತ್ತೇ, ಇಲ್ಲ ಬರೀ ಕೈಯ ಚಟವೇ ಎಂದು ನಾನು ಇನ್ನೂ ಕೇಳುವವನಿದ್ದೆ. ಅಷ್ಟರಲ್ಲಿ ಅವರು ಟ್ರಂಕು ಮುಚ್ಚಿ, ಅದೇ ಧ್ವನಿಯಲ್ಲಿ ಕೇಳಿದರು: “ಆ ಮಷಿನ್ ನೀಲಿ ಇತ್ತಲ್ಲೇನೋ?”

“ಹೌದ್ರೀ, ನೀಲಿ,” ಎಂದೆ.